ಪದ ಬೇಕು: ಬಾಕ್ಸಿಂಗಿನ ‘ಸೌತ್‌ಪಾ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಪತ್ರಿಕೆಯೊಂದಕ್ಕೆ ಹಂಗೇರಿಯ ಬಾಕ್ಸರ್ ಲಾಸ್ಲೋ ಪಾಪ್ ಬಗ್ಗೆ ಎರಡು ಪುಟ ಅನುವಾದ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನ ಪುಟ ಕಟ್ಟುತ್ತಾರಂತೆ, ಅದಕ್ಕೇ ಅವಸರ. ಬುಡಾಪೆಸ್ಟಿನವರು, ಹುಟ್ಟಿದ್ದು 1926. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಿಡಲ್‌ವೇಟ್ (ಬಾಕ್ಸರ್‌ಗಳ ಮೈತೂಕದ ಒಂದು ವರ್ಗ) ಚಿನ್ನ. 1952ರಲ್ಲಿ ಹೆಲ್ಸಿಂಕಿ, 1956ರಲ್ಲಿ ಮೆಲ್ಬರ್ನ್, ಎರಡೂ ಕಡೆ ಲೈಟ್ ಮಿಡಲ್‌ವೇಟ್ ಚಿನ್ನ. ಬಾಕ್ಸಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದವರಲ್ಲಿ ಇವರೇ ಮೊದಲಿಗರು.

ಇಷ್ಟೆಲ್ಲ ಸಲೀಸಾಗಿ ಬಂತು. ಸಿಕ್ಕಿಬಿದ್ದದ್ದು ‘ಸೌತ್‌ಪಾ’ ಹತ್ತಿರ. ‘ಎಡಗೈ ಬಾಕ್ಸರ್’ ಅಂತ ಬರೆದೆ. ಸಂಪಾದಕರು ‘ಅಂದ್ರೆ ಬರೀ ಎಡಗೈಲಿ ಹೊಡೀತಾರಾ?’ ಅಂದರು. ಪ್ರಶ್ನೆ ನ್ಯಾಯವಾದದ್ದೇ. ಸೌತ್‌ಪಾ ಅಂದರೆ ನಿಲ್ಲುವ ರೀತಿ. ಬಲಗಾಲು, ಬಲಗೈ ಮುಂದೆ, ಜೋರಿನ ಎಡಗೈ ಹಿಂದೆ. ಒಂದೇ ಪದ ಸಿಕ್ಕರೆ ಉಪಕಾರ. ಆಮೇಲೆ ದುಡ್ಡಿಗೆ ಆಡತೊಡಗಿದ ಅನ್ನುವುದಕ್ಕೆ ‘ವೃತ್ತಿಪರನಾದ’ ಅನ್ನುವುದೂ ಯಾಕೋ ಸರಿಯಾಗಿ ಕೂರುತ್ತಿಲ್ಲ.

ಮರು: ಸೌತ್‌ಪಾ

ಎಡಚ. ನಮ್ಮ ಧಾರವಾಡದ ಕಡೆ ರೊಡ್ಡ ಅಂತೀವಿ. ಮನೆಯಲ್ಲಿ ಪದ ಇಟ್ಕೊಂಡು ಊರೆಲ್ಲಾ ಹುಡುಕೋದು ಯಾಕ್ರೀ?

ಮರು: ಮರು: ಸೌತ್‌ಪಾ

ಎಡಚ ಬೇಡ ಮೇಡಂ. ‘ಎಡ’ ಅನ್ನೋ ಬೇರೇ ಕೆಟ್ಟ ವಾಸನೆಯದು. ಎಡವು, ಎಡರು, ಎಡವಟ್ಟು, ಎಡಬಿಡಂಗಿ, ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ನೋಡಿ, ನಾನು ಹೇಳುವುದು ಗೊತ್ತಾಗುತ್ತೆ. ಮೂರು ಚಿನ್ನ ಗೆದ್ದವನನ್ನು ಈ ಸಾಲಿಗೆ ಸೇರಿಸಬೇಡಿ. ಮೂಲ ಪದದಲ್ಲೇ ದಿಕ್ಕಿದೆಯಲ್ಲ, ‘ಸೌತ್’. ಅದನ್ನೇ ಹಿಡಿದು ‘ತೆಂಕಗೈ’ ಅನ್ನಿ, ಸಂಸ್ಕೃತ ಬೇಕಿದ್ದರೆ ‘ದಕ್ಷಿಣಹಸ್ತ’ ಅನ್ನಿ.

ಮರು: ದಕ್ಷಿಣಹಸ್ತವಂತೆ!

ಸರ್, ದಕ್ಷಿಣ ಅಂದರೆ ಬಲ! ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಲಗೈ ದಕ್ಷಿಣಕ್ಕಿರುತ್ತೆ, ಒಂದೇ ಪದಕ್ಕೆ ಎರಡೂ ಅರ್ಥ ಬಂದದ್ದು ಹಾಗೆ. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುವುದಕ್ಕೇ ಪ್ರದಕ್ಷಿಣೆ ಅನ್ನೋದು. ‘ಸೌತ್‌ಪಾ’ ಪದ ಹುಟ್ಟಿದ್ದು ಹೇಗೆ ಅನ್ನೋದಕ್ಕೆ ಅಮೆರಿಕದವರು ಹೇಳುವ ಬೇಸ್‌ಬಾಲ್ ಕಥೆಯಲ್ಲಿ ಚೆಂಡು ಎಸೆಯುವವನ ಮುಖ ಪಶ್ಚಿಮಕ್ಕೆ, ಅದಕ್ಕೇ ಅವನ ಎಡಗೈ ದಕ್ಷಿಣಕ್ಕೆ. ಆ ಕಥೆಯೂ ಆಮೇಲೆ ಕಟ್ಟಿದ್ದು ಅಂತಲೇ ಕಾಣುತ್ತೆ, ಪದ ಅದಕ್ಕಿಂತ ಹಳೆಯದು. ನೀವು ಹೇಳಿದಂತೆ ಬರೆದರೆ ಮಕ್ಕಳು ಪಾಪ್‌ನನ್ನು ಬಲಗೈಯವನು ಅಂದುಕೊಳ್ಳುತ್ತಾರೆ. ಇನ್ನು ಎಡವು, ಎಡವಟ್ಟುಗಳನ್ನು ಎಡಗೈಗೆ ಗಂಟು ಹಾಕಿದ್ದು ಬರೀ ಸದ್ದು ನೋಡಿ. ಆಧಾರ ಕೊಡಿ, ಇಲ್ಲಾಂದ್ರೆ ಬಿಡಿ.

ಮರು: ವರಸೆ

ಕೇಳಿದ್ದು ಕೈಯ ಬಗ್ಗೆ ಅಲ್ಲ, ನಿಲ್ಲುವ ರೀತಿಯ ಬಗ್ಗೆ. ಅದನ್ನು ಕೇಳಿದವರೇ ಬಿಡಿಸಿ ಹೇಳಿದ್ದಾರೆ, ಓದುವ ತಾಳ್ಮೆ ಯಾರಿಗೂ ಇಲ್ಲ. ಎಡಚನಾಗಿದ್ದೂ ಎಲ್ಲರ ಹಾಗೆ ಎಡಗಾಲು ಮುಂದಿಟ್ಟು ಆಡುವವರಿದ್ದಾರೆ. ಅವರು ಸೌತ್‌ಪಾ ಅಲ್ಲ.

ಕತ್ತಿವರಸೆ, ದೊಣ್ಣೆವರಸೆ ಅಂತೀವಲ್ವಾ? ಕಾಲು ಎಲ್ಲಿ, ಕೈ ಎಲ್ಲಿ, ಏಟು ಹೇಗೆ ಬರುತ್ತೆ, ಎಲ್ಲಾ ವರಸೆಯಲ್ಲೇ ಬಂತು. ‘ಎಡವರಸೆ’ ಅನ್ನಿ. ‘ಎಡವರಸೆಯ ಬಾಕ್ಸರ್’. ಎದುರಿನವನು ಮಾಮೂಲಿ ವರಸೆಯವನಾದರೆ ಅವನ ಮುಂದಿನ ಎಡಗೈಗೆ ಇವನ ಮುಂದಿನ ಬಲಗೈ ಅಡ್ಡ ಬರುತ್ತೆ. ಮುಂದಿನ ಪಾದಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ. ಪಾದವನ್ನು ಎದುರಿನವನ ಪಾದದ ಹೊರಮಗ್ಗುಲಿಗೆ ಇಟ್ಟವನಿಗೆ ಹಿಂದಿನ ಕೈಗೆ ದಾರಿ ಸಲೀಸು. ಪಾಪ್ ಬದುಕಿದ್ದೇ ಆ ಎಡಗೈ ಏಟಿನ ಮೇಲೆ. 1956ರ ಫೈನಲ್‌ನಲ್ಲಿ ಸೋಲಿಸಿದ್ದು ಹೊಸೆ ಟೊರೆಸ್‌ನನ್ನು. ಆ ಹುಡುಗನೇ 1965ರಲ್ಲಿ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ಆದದ್ದು. ಸುಮ್ನೆ ಯಾರನ್ನೋ ಹೊಡೆದು ಗೆದ್ದದ್ದಲ್ಲ.

ಎರಡನೇ ಪ್ರಶ್ನೆಗೆ: ‘ಪರ’ ಕಿತ್ತು ಹಾಕಿ. ವೃತ್ತಿಪರ ಅಂದರೆ ಈಗ ‘ಅಚ್ಚುಕಟ್ಟಿನ ಕೆಲಸಗಾರ’ ಅಂತಾಗಿದೆ. ‘ವೃತ್ತಿಪರನಾದ’ ಅಂದರೆ ಅಲ್ಲಿಯತನಕ ಕಾಟಾಚಾರಕ್ಕೆ ಆಡುತ್ತಿದ್ದ ಅನ್ನೋ ಹಾಗೆ ಕೇಳುತ್ತೆ. ನಾಟಕದವರು ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಅಂತ ಎಂದೋ ಬಗೆಹರಿಸಿಕೊಂಡಿದ್ದಾರೆ. ‘1957ರಲ್ಲಿ, 31ನೇ ವಯಸ್ಸಿನಲ್ಲಿ, ವೃತ್ತಿ ಬಾಕ್ಸಿಂಗ್‌ಗೆ ಇಳಿದರು.’ ಸಾಕು.

ಮರು: ಮರು: ವರಸೆ

ವರಸೆ ಒಪ್ಪಿದೆ. ಆದರೆ ‘ಬಾಕ್ಸಿಂಗ್’ ಯಾಕೆ ಹಾಗೇ ಉಳಿಯಿತು? ಗುದ್ದು ನಮ್ಮದು, ಗುದ್ದಾಟ ನಮ್ಮದು. ‘ಎಡವರಸೆಯ ಗುದ್ದಾಳು’ ಅನ್ನಿ, ಅಚ್ಚಗನ್ನಡ. ಮುಷ್ಟಿಯುದ್ಧ ಅಂತ ಸಂಸ್ಕೃತಕ್ಕೆ ಓಡುವುದೂ ಬೇಡ, ಇಂಗ್ಲಿಷ್ ಕಾಲು ಹಿಡಿಯುವುದೂ ಬೇಡ.

ಮರು: ಗುದ್ದಾಳು

ಗುದ್ದಾಟ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಆಗುವುದು ಸ್ವಾಮೀ. ಅದಕ್ಕೆ ರೆಫರಿ ಇರಲ್ಲ, ಸುತ್ತುಗಳಿರಲ್ಲ. ‘ಗುದ್ದಾಳು’ ಅಂದರೆ ಮಕ್ಕಳಿಗೆ ಗುದ್ದಲಿ ಹಿಡಿದ ಆಳು ನೆನಪಾಗುತ್ತಾನೆ.

ಹಾಗೆ ನೋಡಿದರೆ ಕುಸ್ತಿ ಪರ್ಶಿಯನ್, ಪೈಲ್ವಾನ್ ಪರ್ಶಿಯನ್, ಉಸ್ತಾದ್ ಪರ್ಶಿಯನ್. ಗರಡಿಮನೆ ಪೂರ್ತಿ ಇವೇ ಮಾತು, ಅಲ್ಲಿ ಯಾರ ಕನ್ನಡವೂ ಕೆಟ್ಟಿಲ್ಲ. ಮೈಸೂರು ದಸರೆಯಲ್ಲಿ ಜಟ್ಟಿಗಳು ಇವತ್ತಿಗೂ ಆಡುವ ವಜ್ರಮುಷ್ಟಿ ಕಾಳಗದ ಹೆಸರಿನಲ್ಲಿ ಎರಡು ಸಂಸ್ಕೃತ ಪದ ಇವೆ. ಅದನ್ನು ‘ಗಟ್ಟಿಗುದ್ದು’ ಮಾಡಿ ಅಂತ ಅವರಿಗೆ ಹೇಳಿ ಬನ್ನಿ ನೋಡೋಣ, ನೆತ್ತಿಯಲ್ಲಿ ರಕ್ತ ಕಂಡ ಮೇಲೆ ಇಲ್ಲಿ ಬಂದು ಬರೆಯಿರಿ.

ಮರು: ಅಜೇಯ, ನಿವೃತ್ತಿ

ಪದ ಸಾಲ ತಂದದ್ದೋ ಮನೆಯದೋ ಅನ್ನುವುದಕ್ಕಿಂತ ಹೇಳಿದ್ದು ನಿಜವೋ ಅಲ್ಲವೋ ನೋಡಿ. ಪಾಪ್ ಬಗ್ಗೆ ಬರೆಯುವವರೆಲ್ಲಾ ‘ಅಜೇಯನಾಗಿ ನಿವೃತ್ತನಾದ’ ಅಂತ ಬರೆದುಬಿಡುತ್ತಾರೆ. ಎರಡೂ ಪದ ತಪ್ಪು.

ಅಜೇಯ ಅಂದರೆ ಗೆಲ್ಲಲಾಗದವನು. ಹವ್ಯಾಸಿಯಾಗಿದ್ದಾಗ ಸೋತದ್ದುಂಟು. ವೃತ್ತಿ ಬಾಕ್ಸಿಂಗ್‌ನಲ್ಲಿ 29 ಪಂದ್ಯ, 27 ಗೆಲುವು, 2 ಡ್ರಾ. ಅಷ್ಟರ ಮಟ್ಟಿಗೆ ‘ಸೋಲಿಲ್ಲದೆ’ ಅನ್ನಿ, ಹತ್ತಿರ ಆಗುತ್ತೆ.

ನಿವೃತ್ತಿ ಅಂದರೆ ತಾನಾಗಿ ಬಿಟ್ಟದ್ದು, ಇಲ್ಲವೇ ವಯಸ್ಸಾಗಿ ಬಿಟ್ಟದ್ದು. ಇಲ್ಲಿ ಹಾಗಲ್ಲ. ಕಮ್ಯುನಿಸ್ಟ್ ಹಂಗೇರಿಯಲ್ಲಿ ದುಡ್ಡಿಗೆ ಬಾಕ್ಸಿಂಗ್ ಆಡುವಂತಿರಲಿಲ್ಲ. ಪಾಪ್‌ಗೆ ಮಾತ್ರ ವಿನಾಯಿತಿ ಕೊಟ್ಟು ಹೊರದೇಶದಲ್ಲಿ ಆಡಲು ಬಿಟ್ಟರು, ವಿಯೆನ್ನಾದಲ್ಲಿ ಜಾಸ್ತಿ. 1962ರಲ್ಲಿ ಡೆನ್ಮಾರ್ಕಿನ ಕ್ರಿಸ್ ಕ್ರಿಸ್ಟೆನ್ಸನ್‌ನನ್ನು ಸೋಲಿಸಿ ಯುರೋಪಿನ ಮಿಡಲ್‌ವೇಟ್ ಪಟ್ಟ ಗೆದ್ದ, ಮತ್ತೆ ಮತ್ತೆ ಉಳಿಸಿಕೊಂಡ. ವಿಶ್ವ ಪಟ್ಟ ಆಗ ಅಮೆರಿಕದ ಜೋಯಿ ಜಿಯಾರ್ಡೆಲ್ಲೊ ಹತ್ತಿರ. ಅದಕ್ಕೆ ಆಡುವ ಮಾತು ಬಂದ ಹೊತ್ತಿಗೇ ಸರ್ಕಾರ ಬೇಡ ಅಂದಿತು. ದುಡ್ಡಿಗೆ ಗುದ್ದುವುದು ಸಮಾಜವಾದಕ್ಕೆ ಒಪ್ಪುವುದಿಲ್ಲವಂತೆ. ಇಷ್ಟು ವರ್ಷ ಹೇಗೆ ಒಪ್ಪಿತ್ತು, ಅದನ್ನು ಅವರೇ ಹೇಳಬೇಕು. ‘ನಿವೃತ್ತನಾದ’ ಅಂತ ಬರೆದರೆ ತಡೆದವರೇ ಕಾಣೆಯಾಗುತ್ತಾರೆ. ‘ಆಟ ನಿಲ್ಲಿಸಬೇಕಾಯಿತು’ ಅನ್ನಿ.

ಹೆಸರೂ ಒಂದಿಷ್ಟು. ಹಂಗೇರಿಯವರು ಮನೆತನದ ಹೆಸರು ಮೊದಲು ಬರೆಯುತ್ತಾರೆ. ಬುಡಾಪೆಸ್ಟಿನಲ್ಲಿ ಅವನ ಹೆಸರಿಟ್ಟಿರುವ ದೊಡ್ಡ ಕ್ರೀಡಾಂಗಣದ ಮೇಲೂ ‘ಪಾಪ್ ಲಾಸ್ಲೋ’ ಅಂತಲೇ ಇರುವುದು. ಊರಿನ ಹೆಸರು, ಅಪ್ಪನ ಹೆಸರು ಮುಂದೆ ಹಚ್ಚಿಕೊಳ್ಳುವ ನಮಗೆ ಇದೇನು ಕಷ್ಟ?

ಮರು: ಕಳಿಸಿದ ವಾಕ್ಯ

ಎಲ್ಲರಿಗೂ ಥ್ಯಾಂಕ್ಸ್. ಪುಟಕ್ಕೆ ಹೋದದ್ದು ಹೀಗೆ: ‘ಎಡವರಸೆಯ ಬಾಕ್ಸರ್ ಪಾಪ್ ಲಾಸ್ಲೋ 31ನೇ ವಯಸ್ಸಿನಲ್ಲಿ ವೃತ್ತಿ ಬಾಕ್ಸಿಂಗ್‌ಗೆ ಇಳಿದರು. 29 ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲ. ವಿಶ್ವ ಪಟ್ಟಕ್ಕೆ ಆಡಲು ಅವರ ಸರ್ಕಾರವೇ ಬಿಡಲಿಲ್ಲ, ಆಟ ನಿಲ್ಲಿಸಬೇಕಾಯಿತು.’ ಪಕ್ಕದಲ್ಲಿ ನಿಲ್ಲುವ ರೀತಿಯ ಒಂದು ಚಿತ್ರವನ್ನೂ ಹಾಕಿಸುತ್ತಿದ್ದೇನೆ.

ಮರು: ಮರು: ಕಳಿಸಿದ ವಾಕ್ಯ

‘ಬಾಕ್ಸರ್’ ಹಾಗೇ ಬಿಟ್ಟಿದ್ದೀರಿ. ನನ್ನ ಆಕ್ಷೇಪ ದಾಖಲಾಗಲಿ.

ಮರು: ಮರು: ಮರು: ಕಳಿಸಿದ ವಾಕ್ಯ

ಆಗಲಿ ಸ್ವಾಮಿ. ‘ದಾಖಲು’ ಅರಬ್ಬಿ.