ಲ್ಯಾಪ್‌ಟಾಪ್ ಬಯೋಸ್ ಅಪ್‌ಡೇಟ್ ಮಾಡಲಾ, ಬೇಡ್ವಾ?

ಪ್ರಶ್ನೆ: ಮೇಡಂ, ನನ್ನ ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷ ಆಯಿತು. ವಿಂಡೋಸ್ 11 ಇದೆ. ಕಂಪನಿಯ ಆ್ಯಪ್ ಒಂದೇ ಸಮನೆ ‘ಕ್ರಿಟಿಕಲ್ ಬಯೋಸ್ ಅಪ್‌ಡೇಟ್’ ಅಂತ ತೋರಿಸುತ್ತಿದೆ. ಸದ್ಯಕ್ಕೆ ಯಾವ ತೊಂದರೆಯೂ ಇಲ್ಲ. ಅರ್ಧಕ್ಕೆ ನಿಂತರೆ ಬೋರ್ಡೇ ಹೋಗುತ್ತದೆ ಅಂತ ಸ್ನೇಹಿತರು ಹೆದರಿಸಿದ್ದಾರೆ. ಬ್ಯಾಟರಿ ಅರ್ಧ ಗಂಟೆ ಬಂದರೆ ಹೆಚ್ಚು. ಚೆನ್ನಾಗಿರುವುದನ್ನು ಸುಮ್ನೆ ಯಾಕೆ ಮುಟ್ಟಬೇಕು ಅಲ್ವಾ?

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. ಬಯೋಸ್ ಅಂದರೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡಿ, ವಿಂಡೋಸ್ ಶುರು ಮಾಡಿಸುವ ಪ್ರೋಗ್ರಾಮ್. ಅದು ಇರುವುದು ಮದರ್‌ಬೋರ್ಡ್ (ಲ್ಯಾಪ್‌ಟಾಪ್‌ನ ಮುಖ್ಯ ಬೋರ್ಡ್) ಮೇಲಿನ, ಸಾಮಾನ್ಯವಾಗಿ ಎಂಟು ಕಾಲಿನ ಒಂದು ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ. ಅಪ್‌ಡೇಟ್ ಅಂದರೆ ಅದರಲ್ಲಿರುವುದನ್ನು ಅಳಿಸಿ ಹೊಸದನ್ನು ಬರೆಯುವುದು. ಅಳಿಸಿ ಆಗಿದೆ, ಬರೆದು ಮುಗಿದಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು ಅಂದರೆ ಮುಂದಿನ ಸಲ ಪ್ರೊಸೆಸರ್‌ಗೆ ಓದಲು ಸರಿಯಾದ ಕೋಡ್ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು.

ಆದರೂ ನೀವು ಅಪ್‌ಡೇಟ್ ಮಾಡಿ ಅಂತಲೇ ಹೇಳುತ್ತೇನೆ. ‘ಕ್ರಿಟಿಕಲ್’ ಅಂತ ಬಂದಿದ್ದರೆ ಸಾಮಾನ್ಯವಾಗಿ ಭದ್ರತೆಯ ವಿಷಯ ಇರುತ್ತದೆ. 2023ರ ಕೊನೆಯಲ್ಲಿ ಹೊರಬಂದ ಲೋಗೋಫೇಲ್ ದೋಷ ನೋಡಿ. ಆನ್ ಆಗುವಾಗ ಕಾಣುವ ಕಂಪನಿಯ ಲೋಗೋ ಚಿತ್ರವನ್ನು ಓದುವ ಕೋಡ್‌ನಲ್ಲೇ ತೂತು ಇತ್ತು. ವಿಂಡೋಸ್ ಶುರುವಾಗುವ ಮೊದಲೇ ಕೆಟ್ಟ ಕೋಡ್ ಒಳಗೆ ನುಗ್ಗಬಹುದಾಗಿತ್ತು. ಇಂಥದ್ದನ್ನು ಆಂಟಿವೈರಸ್ ಹಾಕಿ ಮುಚ್ಚಲು ಆಗುವುದಿಲ್ಲ, ಬಯೋಸ್‌ನಲ್ಲೇ ಸರಿಪಡಿಸಬೇಕು. ಡೌನ್‌ಲೋಡ್ ಪುಟದಲ್ಲಿ ಏನೇನು ಬದಲಾಗಿದೆ ಅಂತ ಬರೆದಿರುತ್ತಾರೆ, ಓದಿ. ನಿಮಗೆ ಸಂಬಂಧವೇ ಇಲ್ಲದ ಸಣ್ಣ ತಿದ್ದುಪಡಿ ಆಗಿದ್ದರೆ ಅವಸರ ಇಲ್ಲ.

ಬ್ಯಾಟರಿ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅರ್ಧ ಗಂಟೆ ನಿಜವಾಗಿಯೂ ಬರುತ್ತದಾ? ಅಡಾಪ್ಟರ್ ತೆಗೆದು ನೋಡಿ. 40% ಇದ್ದದ್ದು ದಿಢೀರ್ ಅಂತ ಆಫ್ ಆಗುವ ಬ್ಯಾಟರಿಯಾದರೆ ಅದು ಇದ್ದೂ ಇಲ್ಲದ ಹಾಗೆ. ಮೊದಲು ಹೊಸ ಬ್ಯಾಟರಿ ಹಾಕಿಸಿ, ಅಥವಾ ಯುಪಿಎಸ್ ಇರುವ ಕಡೆ ಮಾಡಿ. ಫುಲ್ ಚಾರ್ಜ್ ಇರಲಿ, ಅಡಾಪ್ಟರೂ ಹಾಕಿರಲಿ.

ಇನ್ನೊಂದು ಮಾತು ಕೇಳಿ. ಬಯೋಸ್ ಅಪ್‌ಡೇಟ್ ಆದಮೇಲೆ ಅಳುತ್ತಾ ಬರುವವರಲ್ಲಿ ಬಹಳ ಜನರ ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಅವರು ಸಿಕ್ಕಿಹಾಕಿಕೊಳ್ಳುವುದು ನೀಲಿ ಪರದೆಯಲ್ಲಿ. ಡಿಸ್ಕಿನಲ್ಲಿರುವುದಕ್ಕೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳುತ್ತಿರುತ್ತದೆ. ಬಯೋಸ್ ಬದಲಾದರೆ ಆ ಬೀಗವನ್ನು ಕಾಯುವ ಟಿಪಿಎಮ್ ಎಂಬ ಭದ್ರತಾ ಚಿಪ್ ಇಟ್ಟುಕೊಂಡಿರುವ ಲೆಕ್ಕ ಹೊಂದದೇ ಹೋಗಬಹುದು, ಆಗ ಯಾರೋ ಕೈ ಹಾಕಿದ್ದಾರೆ ಅಂತ ಬೀಗ ತೆಗೆಯುವುದಿಲ್ಲ. ಆ ಕೀ ಇಲ್ಲದಿದ್ದರೆ ನಾನಾಗಲಿ ಬೇರೆ ಯಾರಾಗಲಿ ಫೈಲುಗಳನ್ನು ತೆಗೆದುಕೊಡಲು ಆಗುವುದಿಲ್ಲ. ಅಪ್‌ಡೇಟ್ ಬಟನ್ ಒತ್ತುವ ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಫೋನ್‌ನಿಂದ ಲಾಗಿನ್ ಆಗಿ, ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಡಿ. ಆಮೇಲೆ ಬಿಟ್‌ಲಾಕರ್ ಅನ್ನು ‘ಸಸ್ಪೆಂಡ್’ ಮಾಡಿ, ಅಂದರೆ ತಾತ್ಕಾಲಿಕವಾಗಿ ತಡೆಹಿಡಿಯಿರಿ. ಫೈಲುಗಳ ಬ್ಯಾಕಪ್ ಹೇಗೂ ಬೇಕೇ ಬೇಕು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ನಾನು ಬಿಟ್‌ಲಾಕರ್ ಆನ್ ಮಾಡಿಯೇ ಇಲ್ಲ. ಆದರೂ ನೋಡಬೇಕಾ?

ಉತ್ತರ: ನೋಡಲೇಬೇಕು. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ (ಬಿಟ್‌ಲಾಕರ್‌ನದೇ ಸರಳ ರೂಪ) ತಾನಾಗಿಯೇ ಆನ್ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ ಒಳಗೆ ಸಿಗುತ್ತದೆ. ಆಫೀಸಿನ ಲ್ಯಾಪ್‌ಟಾಪ್ ಆದರೆ ನೀವು ಕೈ ಹಾಕಬೇಡಿ, ಐಟಿಯವರಿಗೆ ಹೇಳಿ.

ಇನ್ನೊಬ್ಬ ಸದಸ್ಯರು: ಮೇಡಂ, ಹಳೇ ವರ್ಷನ್ನೇ ಚೆನ್ನಾಗಿತ್ತು ಅನಿಸಿದರೆ ವಾಪಸ್ ಹೋಗಬಹುದಾ? ಇನ್ನೊಂದು, ಕಳೆದ ಸಲ ಅಪ್‌ಡೇಟ್ ಆದಮೇಲೆ ನನ್ನ ವಿಂಡೋಸ್ ಬೂಟ್ ಆಗಲೇ ಇಲ್ಲ, ಕೊನೆಗೆ ಫಾರ್ಮ್ಯಾಟ್ ಮಾಡಿಸಿದೆ.

ಉತ್ತರ: ವಾಪಸ್ ಹೋಗುವ ದಾರಿಯನ್ನು ಹಲವು ಕಂಪನಿಗಳು ಮುಚ್ಚಿರುತ್ತವೆ, ಹಳೇ ದೋಷ ಮತ್ತೆ ತೆರೆಯಬಾರದು ಅಂತ. ಹಾಗಾಗಿ ಅದನ್ನು ನಂಬಿಕೊಂಡು ಹೊರಡಬೇಡಿ.

ನಿಮ್ಮ ಫಾರ್ಮ್ಯಾಟ್ ಕಥೆ ಕೇಳಿ ಬೇಜಾರಾಯಿತು. ಬಹುಶಃ ಅದರ ಅಗತ್ಯ ಇರಲಿಲ್ಲ. ಅಪ್‌ಡೇಟ್ ಆದಾಗ ಕೆಲವೊಮ್ಮೆ ಬಯೋಸ್ ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಹೋಗುತ್ತವೆ. ಬಯೋಸ್ ಡಿಸ್ಕ್ ಜೊತೆ ಹೇಗೆ ಮಾತಾಡಬೇಕು ಅಂತ ಹೇಳುವ ಸ್ಟೋರೇಜ್ ಮೋಡ್ ‘ರೇಡ್’ನಿಂದ ‘ಎಎಚ್‌ಸಿಐ’ಗೆ ಬದಲಾದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಕಾಣುವುದಿಲ್ಲ. ಅದೊಂದನ್ನು ಹಿಂದಕ್ಕೆ ಹಾಕಿದರೆ ಮತ್ತೆ ಬೂಟ್ ಆಗುತ್ತದೆ. ಅಪ್‌ಡೇಟ್‌ಗೆ ಮೊದಲು ಬಯೋಸ್‌ನ ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಮತ್ತೊಬ್ಬ ಸದಸ್ಯರು: ನಾನು ಈಗಷ್ಟೇ ಅಪ್‌ಡೇಟ್ ಕೊಟ್ಟೆ. ರೀಸ್ಟಾರ್ಟ್ ಆಯಿತು, ಹತ್ತು ನಿಮಿಷದಿಂದ ಪರದೆ ಕಪ್ಪು. ಫ್ಯಾನ್ ಜೋರಾಗಿ ಕೂಗುತ್ತಿದೆ. ಪವರ್ ಬಟನ್ ಒತ್ತಿ ಹಿಡಿಯಲಾ?

ಉತ್ತರ: ಬೇಡ! ಕೈ ತೆಗೆಯಿರಿ. ಮುಚ್ಚಳವನ್ನೂ ಮುಚ್ಚಬೇಡಿ. ಬಯೋಸ್ ಜೊತೆಗೆ ಕೀಬೋರ್ಡ್, ಫ್ಯಾನ್, ಚಾರ್ಜಿಂಗ್ ನೋಡಿಕೊಳ್ಳುವ ಕಂಟ್ರೋಲರ್ ಚಿಪ್‌ನ ಫರ್ಮ್‌ವೇರೂ (ಅದರೊಳಗಿನ ಪ್ರೋಗ್ರಾಮ್) ಬದಲಾಗುತ್ತಿರಬಹುದು. ಆಗ ಪರದೆ ಕಪ್ಪಾಗುವುದು, ಫ್ಯಾನ್ ಪೂರ್ತಿ ವೇಗದಲ್ಲಿ ಓಡುವುದು, ತಾನಾಗಿಯೇ ಒಂದೆರಡು ಸಲ ರೀಸ್ಟಾರ್ಟ್ ಆಗುವುದು ಮಾಮೂಲು. ಗಾಬರಿಯಲ್ಲಿ ಬಟನ್ ಒತ್ತಿದ್ದರಿಂದಲೇ ಕೆಟ್ಟ ಬೋರ್ಡ್‌ಗಳನ್ನು ಜಾಸ್ತಿ ನೋಡಿದ್ದೇನೆ. ಒಂದು ಗಂಟೆ ಬಿಡಿ. ಆಗಲೂ ಬರದಿದ್ದರೆ ಇಲ್ಲಿ ಬರೆಯಿರಿ. ಅಂದಹಾಗೆ ಯಾವ ಕಂಪನಿಯದು?

ಮತ್ತೊಬ್ಬ ಸದಸ್ಯರು: ಎಚ್‌ಪಿ. ಕಾಯುತ್ತೇನೆ. ಬರಲಿಲ್ಲ ಅಂದರೆ ಬೋರ್ಡ್ ಬದಲಾಯಿಸಬೇಕಾ?

ಉತ್ತರ: ಅಷ್ಟು ದೂರ ಹೋಗಬೇಡಿ. ಗಂಟೆ ಕಳೆದಮೇಲೂ ಹಾಗೇ ಇದ್ದರೆ ಆಫ್ ಮಾಡಿ. ಅಡಾಪ್ಟರ್ ಹಾಕಿರಲಿ. ವಿಂಡೋಸ್ ಕೀ ಮತ್ತು ಬಿ ಎರಡನ್ನೂ ಒತ್ತಿ ಹಿಡಿದು, ಪವರ್ ಬಟನ್ ಎರಡು-ಮೂರು ಸೆಕೆಂಡ್ ಒತ್ತಿ ಬಿಡಿ. ಕೀಗಳನ್ನು ಬಿಡಬೇಡಿ. ಸ್ವಲ್ಪ ಹೊತ್ತು ಕಪ್ಪಾಗಿದ್ದು ಆಮೇಲೆ ರಿಕವರಿ ಪರದೆ ಬರಬೇಕು. ಬಿ ಕೆಲಸ ಮಾಡದಿದ್ದರೆ ವಿ ಹಿಡಿದು ನೋಡಿ. ಡೆಲ್ ಇರುವವರು ಆಫ್ ಇದ್ದಾಗ ಕಂಟ್ರೋಲ್, ಎಸ್ಕೇಪ್ ಎರಡನ್ನೂ ಹಿಡಿದು ಅಡಾಪ್ಟರ್ ಚುಚ್ಚಬೇಕು. ಎಲ್ಲಾ ಮಾದರಿಗಳಲ್ಲೂ ಈ ಸೌಲಭ್ಯ ಇರುವುದಿಲ್ಲ.

ಅದೂ ಆಗದಿದ್ದರೆ ಚಿಪ್ ಮಟ್ಟದ ರಿಪೇರಿ ಮಾಡುವವರ ಹತ್ತಿರ ಹೋಗಿ. ಪ್ರೋಗ್ರಾಮರ್ ಸಾಧನದಿಂದ ಆ ಫ್ಲ್ಯಾಶ್ ಚಿಪ್‌ಗೆ ನೇರವಾಗಿ ಬರೆಯುತ್ತಾರೆ. ಆದರೆ ಬರೆಯುವ ಮೊದಲು ಚಿಪ್‌ನಲ್ಲಿ ಈಗ ಇರುವುದನ್ನು ಓದಿ ಒಂದು ಕಾಪಿ ಇಟ್ಟುಕೊಳ್ಳಿ ಅಂತ ಒತ್ತಿ ಹೇಳಿ. ನಿಮ್ಮ ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್, ವಿಂಡೋಸ್ ಲೈಸೆನ್ಸ್ ಕೀ ಅದರಲ್ಲೇ ಇರುತ್ತವೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಬೇರೆ ಯಾರದೋ ಫೈಲನ್ನು ಹಾಗೇ ತುಂಬಿಸಿದರೆ ಲ್ಯಾಪ್‌ಟಾಪ್ ಆನ್ ಆಗಬಹುದು, ಆದರೆ ನಿಮ್ಮ ಸೀರಿಯಲ್ ನಂಬರ್ ಬದಲು ಅವರದು ಬಂದು ಕೂರುತ್ತದೆ.

ಮತ್ತೊಬ್ಬ ಸದಸ್ಯರು: ಮೇಡಂ, ಲೋಗೋ ಬಂತು! ಈಗ ಬಿಟ್‌ಲಾಕರ್ ಕೀ ಕೇಳುತ್ತಿದೆ.

ಉತ್ತರ: ಸದ್ಯ, ಬೋರ್ಡ್ ಉಳಿಯಿತು! ಪರದೆಯಲ್ಲಿ ‘ಕೀ ಐಡಿ’ ಕಾಣುತ್ತದೆ ನೋಡಿ. ಫೋನ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು, ಅದೇ ಐಡಿಯ ಎದುರಿಗಿರುವ 48 ಅಂಕಿ ಹಾಕಿ. ಒಂದಕ್ಕಿಂತ ಜಾಸ್ತಿ ಅಕೌಂಟ್ ಇದ್ದರೆ ಎಲ್ಲದರಲ್ಲೂ ಹುಡುಕಿ. ಮೊದಲ ಸಲ ಸೆಟಪ್ ಮಾಡಿದಾಗ ಮನೆಯವರ ಅಕೌಂಟ್ ಹಾಕಿದ್ದಿರಬಹುದು, ಅವರನ್ನೂ ಕೇಳಿ. ಕೀ ಸಿಗುವವರೆಗೆ ‘ರೀಸೆಟ್’ ಮಾತ್ರ ಒತ್ತಬೇಡಿ.