ಓದುಗರ ಸ್ಪಂದನ: ಸೇವೆಗೆ ನೇಪಾಳಕ್ಕೇ ಹೋಗಬೇಕಾ?

ಕಳೆದ ಸಂಚಿಕೆಯ ಸಮಸ್ಯೆ: ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು 28. ಪಶ್ಚಿಮ ನೇಪಾಳದಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಗುಡಿಸಲಿಗೆ ಕಳಿಸುವ ಪದ್ಧತಿ ಇದೆಯಲ್ಲ, ಅಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ದುಡಿಯುವ ಆಸೆ. ಒಂದು ಏಜೆನ್ಸಿ ಒಂದೂವರೆ ಲಕ್ಷ ಕಟ್ಟಿ ಅನ್ನುತ್ತಿದೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ‘ಸೇವೆ ಮಾಡೋಕೆ ನಮ್ಮೂರು ಸಾಲದಾ?’ ಅಂತ ಅಣ್ಣ ರೇಗುತ್ತಾನೆ. ಏನು ಮಾಡಲಿ?

ತಂಗಿ, ನಿಮ್ಮಣ್ಣ ರೇಗಿದ್ದು ತಪ್ಪು, ಕೇಳಿದ್ದು ತಪ್ಪಲ್ಲ. ನಾನು ಹಿರಿಯೂರು ಕಡೆ ಇಪ್ಪತ್ತಾರು ವರ್ಷ ಎಎನ್‌ಎಂ, ಅಂದರೆ ಹಳ್ಳಿ ಸುತ್ತುವ ಆರೋಗ್ಯ ಸಿಸ್ಟರ್ ಆಗಿದ್ದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರೂ ಹಸಿ ಬಾಣಂತಿಯರೂ ಹಟ್ಟಿಯಾಚೆ ಉಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಮಳೆಯಲ್ಲಿ ಗುಡಿಸಲೊಳಗೆ ಬಗ್ಗಿ ಹೋಗಿ ಕೂಸಿನ ತೂಕ ನೋಡಿದ್ದೇನೆ. ಮೊದಮೊದಲು ಬೈದೆ. ಬೈದರೆ, ನಾನು ಬರುವ ದಿನ ಬಾಣಂತಿಯನ್ನೇ ಬಚ್ಚಿಡುತ್ತಿದ್ದರು. ಆಮೇಲೆ ಅತ್ತೆಯರನ್ನು ಹಿಡಿದೆ. ಒಬ್ಬ ಅಜ್ಜಿಯ ಕೈಯನ್ನು ಮೊಮ್ಮಗುವಿನ ತಣ್ಣನೆ ಪಾದದ ಮೇಲಿಟ್ಟು ಸುಮ್ನೆ ಕೂತೆ. ಸಂಜೆಗೆ ಒಳಗೆ ಕರೆದುಕೊಂಡರು. ಎಲ್ಲ ಮನೆಯಲ್ಲೂ ಹೀಗಾಯಿತು ಅಂದರೆ ಸುಳ್ಳಾಗುತ್ತದೆ. ಹೋಗುವ ಮುಂಚೆ ಒಂದು ತಿಂಗಳು ಇಲ್ಲಿಯ ಆಶಾ ಕಾರ್ಯಕರ್ತೆಯರ ಜೊತೆ ಹಟ್ಟಿ ಸುತ್ತು. ಅಲ್ಲಿಗೆ ಹೋದಾಗ ‘ನಮ್ಮ ಕಡೆಯೂ ಹೀಗೇ ಇದೆ ಕಣಮ್ಮ’ ಅಂತ ಮಾತು ಶುರು ಮಾಡಬಹುದು.
– ನಿವೃತ್ತ ಸಿಸ್ಟರ್, ಚಿತ್ರದುರ್ಗ

ನಾನು ಪಶ್ಚಿಮ ನೇಪಾಳದ ಅಛಾಮ್ ಜಿಲ್ಲೆಯಲ್ಲಿ ಎಂಟು ತಿಂಗಳು ಇದ್ದವಳು. ನೀವು ಹೇಳಿದ ಗುಡಿಸಲಿನ ಪದ್ಧತಿಗೆ ಅಲ್ಲಿ ಛೌಪಡಿ ಅನ್ನುತ್ತಾರೆ. ಅದನ್ನು ನೇಪಾಳದ ಸುಪ್ರೀಂ ಕೋರ್ಟ್ 2005ರಲ್ಲೇ ನಿಷೇಧಿಸಿದೆ. 2018ರ ಆಗಸ್ಟ್‌ನಿಂದ ಶಿಕ್ಷೆಯೂ ಇದೆ: 3 ತಿಂಗಳು ಜೈಲು, ಇಲ್ಲವೇ 3,000 ನೇಪಾಳಿ ರೂಪಾಯಿ ದಂಡ, ಇಲ್ಲವೇ ಎರಡೂ. ಆದರೂ 2019ರ ಜನವರಿಯಲ್ಲಿ ಬಾಜುರಾ ಜಿಲ್ಲೆಯ ಇಂಥ ಗುಡಿಸಲಲ್ಲಿ ಚಳಿಗೆ ಬೆಂಕಿ ಹಾಕಿಕೊಂಡು ಮಲಗಿದ್ದ ತಾಯಿ ಮತ್ತು ಇಬ್ಬರು ಗಂಡುಮಕ್ಕಳು ಹೊಗೆಗೆ ಉಸಿರುಕಟ್ಟಿ ಸತ್ತರು. ಆಮೇಲೆ ಸಾವಿರಾರು ‘ಗೋಠ್’ (ಆ ಗುಡಿಸಲುಗಳು) ಕೆಡವಿದರು. ಭಯ ಕೆಡವಲಾಗಲಿಲ್ಲ ನೋಡಿ, ಕೆಲವರು ದನದ ಕೊಟ್ಟಿಗೆಗೆ ಹೋಗಿ ಮಲಗಿದರು.

ಅಲ್ಲಿ ನಿಜವಾದ ಕೆಲಸ ಮಾಡುವವರು ಊರಿನದೇ ಆರೋಗ್ಯ ಸ್ವಯಂಸೇವಕಿಯರು. 1988ರಲ್ಲಿ ಶುರುವಾದ ವ್ಯವಸ್ಥೆ, ದೇಶದ ತುಂಬ ಸುಮಾರು 50,000 ಹೆಂಗಸರಿದ್ದಾರೆ. ಮಕ್ಕಳಿಗೆ ವಿಟಮಿನ್ ಎ ಹಾಕುವವರು, ಬಸುರಿಯರನ್ನು ಆಸ್ಪತ್ರೆಗೆ ಹೊರಡಿಸುವವರು ಅವರೇ. ಅವರಲ್ಲೂ ಕೆಲವರು ಮುಟ್ಟಾದಾಗ ಹೊರಗೆ ಕೂರುತ್ತಾರೆ! ನೀವು ಅವರ ಹಿಂದೆ ನಡೆಯಿರಿ, ಮುಂದೆ ಬೇಡ. ಮೊದಲು ನೇಪಾಳಿ ಕಲಿಯಿರಿ. ರೋಗಿಯನ್ನು ಮುಟ್ಟಿ ನರ್ಸಿಂಗ್ ಮಾಡಬೇಕಾದರೆ ಅಲ್ಲಿಯ ನರ್ಸಿಂಗ್ ಕೌನ್ಸಿಲ್‌ ಒಪ್ಪಿಗೆ ಬೇಕು. ಏಜೆನ್ಸಿಯವರು ಇದನ್ನು ಹೇಳಿದ್ದಾರಾ?
– ಆರೋಗ್ಯ ತರಬೇತುದಾರೆ, ಮಂಗಳೂರು

ಮೇಡಂ, ದುಡ್ಡು ಕಟ್ಟಬೇಡಿ. ನಾನು ಕಟ್ಟಿ ಎರಡು ವಾರ ಕೀನ್ಯಾಗೆ ಹೋಗಿ ಬಂದೆ. ಶಾಲೆಯೊಂದರಲ್ಲಿ ಪ್ಯಾಡ್ ಹಂಚಿದೆವು, ಫೋಟೊ ತೆಗೆಸಿಕೊಂಡೆವು. ‘ಮುಂದಿನ ತಿಂಗಳಿಗೆ?’ ಅಂತ ಒಬ್ಬ ಹುಡುಗಿ ಕೇಳಿದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ, ರಿಟರ್ನ್ ಟಿಕೆಟ್ ಇತ್ತು.

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ಯುಎನ್‌ವಿ ನೋಡಿ. ಜರ್ಮನಿಯ ಬಾನ್‌ನಲ್ಲಿ ಅದರ ಕೇಂದ್ರ ಕಚೇರಿ. ಅರ್ಜಿಗೆ ಒಂದು ಪೈಸೆಯೂ ಕೇಳುವುದಿಲ್ಲ, ತಿಂಗಳ ಖರ್ಚಿಗೆ ಅವರೇ ಭತ್ಯೆ ಕೊಡುತ್ತಾರೆ. ಪೈಪೋಟಿ ಮಾತ್ರ ಜಾಸ್ತಿ, ಕೇಳಿದ ದೇಶವೇ ಸಿಗುತ್ತದೆ ಅಂತಿಲ್ಲ.
– ಐಟಿ ಉದ್ಯೋಗಿ, ಬೆಂಗಳೂರು

ಗಂಡು ನೋಡುವುದು ಒಂದು ವರ್ಷ ನಿಂತರೆ ಏನೂ ಆಗುವುದಿಲ್ಲಮ್ಮ. ನನ್ನ ಮಗ ಮಸ್ಕತ್‌ಗೆ ಹೊರಟಾಗ ‘ನಮ್ಮೂರು ಸಾಲದಾ’ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಸ್ಟೇಷನ್‌ವರೆಗೆ ಹೋಗಿ ಕಳಿಸಿಕೊಟ್ಟೆವು. ಮಗಳು ಹೊರಟಾಗ ಕೇಳಿದೆವು. ಅವಳು ಹೋಗಲಿಲ್ಲ. ಈಗ ಆ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾಳೆ. ಇದನ್ನು ನಿಮ್ಮಣ್ಣನಿಗೆ ಓದಲು ಕೊಡಿ.
– ನಿವೃತ್ತ ಮೇಷ್ಟ್ರು, ಹಾವೇರಿ