ಹೈಪರ್‌ಸಾನಿಕ್ ಗ್ಲೈಡ್ ಕ್ಷಿಪಣಿ ತಡೆಯುವುದು ಯಾಕೆ ಅಷ್ಟು ಕಷ್ಟ?

ಪಣಂಬೂರು ಹುಡುಗ:
2024ರ ನವೆಂಬರಿನಲ್ಲಿ ಡಿಆರ್‌ಡಿಒ ಒಡಿಶಾದ ಕಲಾಂ ದ್ವೀಪದಿಂದ ಹೈಪರ್‌ಸಾನಿಕ್, ಅಂದರೆ ಶಬ್ದದ ಐದು ಪಟ್ಟಿಗೂ ಮೀರಿದ ವೇಗದ ಕ್ಷಿಪಣಿ ಹಾರಿಸಿತಲ್ವಾ, 1,500 ಕಿ.ಮೀ.ಗಿಂತ ಜಾಸ್ತಿ ದೂರದ್ದು. ಆಗಿನಿಂದ ಎಲ್ಲ ಕಡೆ ಒಂದೇ ಮಾತು, ಇಂಥ ವೇಗವನ್ನು ಯಾರಿಂದಲೂ ತಡೆಯಲಿಕ್ಕೆ ಆಗುವುದಿಲ್ಲ ಅಂತ. ಆದರೆ ಹಳೆಯ ಖಂಡಾಂತರ ಕ್ಷಿಪಣಿಗಳ ಸಿಡಿತಲೆ ಮ್ಯಾಕ್ 20ರ, ಅಂದರೆ ಶಬ್ದದ 20 ಪಟ್ಟು ವೇಗದ ಆಸುಪಾಸಿನಲ್ಲಿ ಬರುತ್ತದೆ. ಮತ್ತೆ ಇದರಲ್ಲಿ ಹೊಸತು ಎಂತ ಉಂಟು? ನಮ್ಮ ಮನೆ ಬಂದರಿಗೂ ರಿಫೈನರಿಗೂ ಹತ್ತಿರ, ಹಾಗಾಗಿ ಸುಮ್ನೆ ಕೇಳುತ್ತಿಲ್ಲ.

ಮಲ್ಪೆಯವ:
ವೇಗ ಅಲ್ಲ ಮಾರಾಯ್ರೆ, ಅದು ಬರುವ ದಾರಿ. ಖಂಡಾಂತರ ಬ್ಯಾಲಿಸ್ಟಿಕ್ ಕ್ಷಿಪಣಿ ಸಾವಿರ ಕಿ.ಮೀ.ಗೂ ಮೇಲೆ ಹೋಗಿ ಬೀಳುತ್ತದೆ, ಎಂಜಿನ್ ಆರಿದ ಮೇಲೆ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಬಹುದು. ಗ್ಲೈಡ್ ವಾಹನ ಹಾಗಲ್ಲ. ರಾಕೆಟ್‌ನಿಂದ ಕಳಚಿಕೊಂಡು ವಾತಾವರಣದ ಮೇಲ್ಪದರದಲ್ಲಿ ಜಾರುತ್ತಾ, ನಡುವೆ ಪಕ್ಕಕ್ಕೆ ತಿರುಗುತ್ತಾ ಬರುತ್ತದೆ. ಮಲ್ಪೆ ಬೀಚಿನಲ್ಲಿ ನಿಂತರೆ ಕಾಣದ ಬೋಟು ಕಾಪು ದೀಪಸ್ತಂಭ ಹತ್ತಿದರೆ ಕಾಣುತ್ತದಲ್ವಾ, ನೆಲದ ರಾಡಾರಿಗೂ ಅದೇ ತೊಂದರೆ, ಭೂಮಿಯ ಬಾಗು ಅಡ್ಡ ಬರುತ್ತದೆ. 40 ಕಿ.ಮೀ. ಎತ್ತರದಲ್ಲಿ ಬರುವುದು ಅದಕ್ಕೆ ಕಾಣುವಾಗ ಉಳಿಯುವ ದೂರ ಹೆಚ್ಚೆಂದರೆ 700–800 ಕಿ.ಮೀ. ಸೆಕೆಂಡಿಗೆ 2 ಕಿ.ಮೀ. ವೇಗ ಅಂತ ಹಿಡಿದರೆ ಆರೇಳು ನಿಮಿಷ.

ಮಣಿಪಾಲ ಮೇಷ್ಟ್ರು:
ಸರಿ ಹೇಳಿದಿರಿ. ಇನ್ನೊಂದು, ಈಗ ಇರುವ ತಡೆ ಕ್ಷಿಪಣಿಗಳಿಗೆ ಈ ಎತ್ತರವೇ ಕಷ್ಟದ ಜಾಗ. ಅಮೆರಿಕದ ಎಸ್‌ಎಂ-3 ಹೊಡೆಯುವುದು ವಾತಾವರಣದ ಆಚೆ. ಪೇಟ್ರಿಯಟ್ ಹೊಡೆಯುವುದು ಕೊನೆಯ ಹಂತದಲ್ಲಿ. ನಡುವಿನ ಹಂತಕ್ಕೆಂದೇ ಅಮೆರಿಕ, ಜಪಾನ್ ಸೇರಿ ಹೊಸದೊಂದನ್ನು ತಯಾರಿಸುತ್ತಿವೆ.
ಆದರೆ ತಡೆಯಲಿಕ್ಕೇ ಆಗದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗಾಳಿಯ ಎಳೆತಕ್ಕೆ ಅದರ ವೇಗ ಇಳಿಯುತ್ತಲೇ ಇರುತ್ತದೆ, ಪ್ರತಿ ತಿರುವಿಗೂ ಇನ್ನಷ್ಟು ಇಳಿಯುತ್ತದೆ. ಮೈ ಕೆಂಡದಂತೆ ಕಾಯುವುದರಿಂದ ಶಾಖ ಗುರುತಿಸುವ ಇನ್‌ಫ್ರಾರೆಡ್ ಉಪಗ್ರಹಕ್ಕೆ ಮೇಲಿನಿಂದ ಕಾಣುತ್ತದೆ. 2024ರ ಫೆಬ್ರವರಿಯಲ್ಲಿ ಅಮೆರಿಕ ಇದಕ್ಕೆಂದೇ ಎರಡು ಪ್ರಾಯೋಗಿಕ ಉಪಗ್ರಹ ಹಾರಿಸಿತು.

ಪಣಂಬೂರು ಹುಡುಗ:
ಹಾಗಾದರೆ 2023ರಲ್ಲಿ ಉಕ್ರೇನಿನ ಪೇಟ್ರಿಯಟ್ ರಷ್ಯಾದ ಕಿಂಝಾಲ್ ಹೊಡೆದದ್ದು?

ಮಣಿಪಾಲ ಮೇಷ್ಟ್ರು:
ಕಿಂಝಾಲ್ ಗ್ಲೈಡ್ ವಾಹನ ಅಲ್ಲ, ವಿಮಾನದಿಂದ ಬಿಡುವ ಬ್ಯಾಲಿಸ್ಟಿಕ್ ಕ್ಷಿಪಣಿ. ಗ್ಲೈಡ್ ಅಂದರೆ ರಷ್ಯಾದ ಅವನ್‌ಗಾರ್ಡ್, ಚೀನಾದ ಡಿಎಫ್-17. ಆ ಒಂದು ಘಟನೆ ಇಟ್ಟುಕೊಂಡು ಇವುಗಳ ಬಗ್ಗೆ ಧೈರ್ಯ ಹೇಳಲಿಕ್ಕೆ ಬರುವುದಿಲ್ಲ.
ನಿಮ್ಮ ಬಂದರಿನ ವಿಷಯ: ಅದು ದಾರಿಯಲ್ಲಿ ಎಷ್ಟೇ ತಿರುಗಲಿ, ಕೊನೆಗೆ ಗುರಿಯ ಮೇಲೇ ಇಳಿಯಬೇಕು. ಹಾಗಾಗಿ ಗುರಿಯ ಪಕ್ಕದಲ್ಲೇ ಇಟ್ಟ ತಡೆ ಕ್ಷಿಪಣಿಗಳ ಬ್ಯಾಟರಿಗೆ (ರಾಡಾರ್, ಲಾಂಚರುಗಳ ಗುಂಪಿಗೆ) ಅವಕಾಶ ಉಂಟು. ಆದರೆ ಅದು ಕಾಯುವುದು ಸುತ್ತಲಿನ ಸಣ್ಣ ಜಾಗವನ್ನು ಮಾತ್ರ. ಕಾರವಾರದಿಂದ ಮಂಗಳೂರಿನವರೆಗೆ ಸಾಲಾಗಿ ಇಡಲಿಕ್ಕೆ ಯಾವ ದೇಶಕ್ಕೂ ದುಡ್ಡು ಸಾಲುವುದಿಲ್ಲ, ಎಲ್ಲಿ ಇಡಬೇಕು ಅಂತ ಆರಿಸಲೇಬೇಕಾಗುತ್ತದೆ.